ಹೀಲಿಯಂ ಸೋರಿಕೆ ಹಿಡಿದ ನನ್ನ ಅನುಭವ

ಏಳು ಘನ ಮೀಟರ್ ಸಿಲಿಂಡರ್ ಎಂದರೆ 7000 ಲೀಟರ್ ಹೀಲಿಯಂ. ನಮ್ಮ ಎರಡೂ ಜಿಸಿಗಳಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಅನಿಲ ಹರಿಸಿ ಸ್ಯಾಂಪಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸೇರಿ ನಿಮಿಷಕ್ಕೆ 50 ಮಿಲಿಲೀಟರಿನಂತೆ ಹೋದರೂ ಮೂರು ತಿಂಗಳು ಬರಬೇಕು. ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಎರಡು ತಿಂಗಳಿಗೆ ಮೊದಲೇ ಮುಗಿಯುತ್ತಿತ್ತು. ಒಂದಕ್ಕೆ ಸುಮಾರು 40,000 ರೂಪಾಯಿ, ಸಾಗಣೆ ಬೇರೆ. ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಕೀಟನಾಶಕ ಶೇಷದ ಸ್ಯಾಂಪಲ್ ರಾಶಿ ಬಿದ್ದಿರುವಾಗಲೇ ಖಾಲಿಯಾದರೆ, ಬೆಂಗಳೂರಿನಿಂದ ಬರುವವರೆಗೆ ಕೈಕಟ್ಟಿ ಕೂರಬೇಕು.

ಸರ್ವಿಸ್ ಎಂಜಿನಿಯರ್ ಯಂತ್ರದ ಲೀಕ್ ಟೆಸ್ಟ್ ಓಡಿಸಿ, "ಪಾಸ್" ಎಂದು ಬರೆದು ಹೋದರು. ಆ ಟೆಸ್ಟ್‌ಗೆ ಇನ್‌ಲೆಟ್ (ಸ್ಯಾಂಪಲ್ ಹಾಕುವ ಬಾಯಿ) ಬಿಟ್ಟು ಬೇರೇನೂ ಕಾಣದು. "ಹೀಲಿಯಂ ಅಲ್ಲವೇ, ಹಾರಿ ಹೋಗುವುದೇ ಅದರ ಗುಣ" ಎಂದರು ಮಾಲೀಕರು. ಸೋರಿಕೆ ಹಿಡಿಯುವ ಡಿಟೆಕ್ಟರ್ ಕೇಳಿದರೆ ಲಕ್ಷದ ಮಾತು ಎಂದು ತಳ್ಳಿಹಾಕಿದರು. ಕೈಗೆ ಸಿಗುವ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಆಗ ಹಳೆಯ ದಾರಿ ಹಿಡಿದೆ. ಜಿಸಿಗಳ ಓವನ್ ತಣಿಸಿ, ಪ್ರತಿ ಯಂತ್ರದ ಮುಂದಿನ ವಾಲ್ವ್ ಮುಚ್ಚಿ, ಸಿಲಿಂಡರನ್ನೂ ಮುಚ್ಚಿ ಗೇಜಿನ ಮುಂದೆ ನಿಂತೆ. ಚಹಾ ಮುಗಿಯುವಷ್ಟರಲ್ಲಿ ಮುಳ್ಳು ಆರು ಬಾರ್‌ನಿಂದ ಎರಡಕ್ಕೆ ಬಿದ್ದಿತ್ತು! ಯಂತ್ರಗಳು ನಿರಪರಾಧಿಗಳು, ತಪ್ಪು ಪೈಪಿನದು. ಪೈಪನ್ನು ತುಂಡು ತುಂಡಾಗಿ ಬೇರ್ಪಡಿಸುತ್ತ ಹೋದಾಗ ಕಳ್ಳ ಸಿಕ್ಕಿದ್ದು ಫಾಲ್ಸ್ ಸೀಲಿಂಗ್ ಮೇಲೆ. ಕಂಪ್ರೆಷನ್ ಫಿಟ್ಟಿಂಗಿಗೆ ಯಾರೋ ಟೆಫ್ಲಾನ್ ಟೇಪ್ ಸುತ್ತಿ, ಸಾಲದೆಂದು ನಟ್ಟನ್ನು ಬಲವಾಗಿ ಬಿಗಿದಿದ್ದರು. ಒಳಗೆ ಫೆರೂಲ್ (ಪೈಪನ್ನು ಹಿಡಿದು ಸೋರದಂತೆ ತಡೆಯುವ ಉಂಗುರ) ಅಪ್ಪಚ್ಚಿ. ಪೈಪಿನ ತುದಿ ಕತ್ತರಿಸಿ ಹೊಸ ಫೆರೂಲ್ ಹಾಕಲು ತಗುಲಿದ್ದು ಇನ್ನೂರು ರೂಪಾಯಿಯ ಒಳಗೆ.

ಆಮೇಲೆ ಒಂದು ವ್ಯರ್ಥ ಬೇಟೆ ನಡೆಯಿತು. ರಾತ್ರಿಯಿಡೀ ಮುಚ್ಚಿಟ್ಟರೆ ಬೆಳಿಗ್ಗೆ ಕಾಲು ಬಾರ್ ಕಡಿಮೆ. ಎಲ್ಲ ಜೋಡಣೆ ಬಿಚ್ಚಿ ಕಟ್ಟಿದರೂ ಅದೇ ಕಥೆ. ಡಿಸೆಂಬರಿನ ಚಳಿಗೆ ಹತ್ತು ಡಿಗ್ರಿ ಇಳಿದರೆ ಅನಿಲದ ಒತ್ತಡವೂ ಆ ಕಾಲು ಬಾರ್‌ನಷ್ಟು ಇಳಿಯುತ್ತದೆ, ಅಷ್ಟೇ. ಈಗ ಸಂಜೆ ಆರಕ್ಕೆ ಮುಚ್ಚಿದರೆ ಮರುದಿನ ಸಂಜೆ ಆರಕ್ಕೇ ನೋಡುತ್ತೇವೆ. ರಜೆಯ ಹಿಂದಿನ ದಿನ ಇದಕ್ಕೆ ಮೀಸಲು.

ಎಂಎಸ್ (ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್, ಒಳಗೆ ನಿರ್ವಾತ) ಬದಿಯಲ್ಲಿ ಸೋಪು ಬೇಡವೇ ಬೇಡ, ಒಳಗೆ ಎಳೆದುಕೊಂಡರೆ ವಾರಗಟ್ಟಲೆ ಕಾಡುತ್ತದೆ. ಅಲ್ಲಿ 28 (ನೈಟ್ರೋಜನ್) ಮತ್ತು 32ರ (ಆಕ್ಸಿಜನ್) ಶಿಖರಗಳೇ ಗಾಳಿ ನುಗ್ಗಿದ್ದನ್ನು ಹೇಳುತ್ತವೆ. ಹೊಸ ಕಾಲಮ್ (ಓವನ್ ಒಳಗಿನ ತೆಳು ಕೊಳವೆ) ಹಾಕಿದ ಮೇಲೆ ಓವನ್ ನಾಲ್ಕಾರು ಸಲ ಕಾದು ತಣಿದಾಗ ಫೆರೂಲ್ ಸಡಿಲಾಗುತ್ತದೆ, ಮತ್ತೆ ಬಿಗಿಯಬೇಕು.

ನಡುವೆ ಎಫ್‌ಐಡಿ (ಹೈಡ್ರೋಜನ್ ಜ್ವಾಲೆಯಲ್ಲಿ ಸುಟ್ಟು ಅಳೆಯುವ) ಯಂತ್ರಕ್ಕೆ ಹೀಲಿಯಂ ಬದಲು ನೈಟ್ರೋಜನ್ ಕೊಟ್ಟು ನೋಡಿದೆ. ಶಿಖರಗಳು ಚೆನ್ನಾಗಿಯೇ ಬಂದವು, ಆದರೆ ಹರಿವು ನಿಧಾನ ಮಾಡಬೇಕಾದ್ದರಿಂದ ಒಂದೊಂದು ಓಟ ಬಹಳ ಉದ್ದವಾಯಿತು. ಸುಗ್ಗಿಯಲ್ಲಿ ಅದು ಆಗದ ಮಾತು. ಗ್ಯಾಸ್ ಸೇವರನ್ನು (ಸ್ಯಾಂಪಲ್ ಒಳಹೋದ ಮೇಲೆ ಹೊರಬಿಡುವ ಅನಿಲವನ್ನು ತಗ್ಗಿಸುವ ವ್ಯವಸ್ಥೆ) ನಿಮಿಷಕ್ಕೆ 20 ಮಿಲಿಲೀಟರಿಗೆ ಇಳಿಸಿದ್ದು ಮಾತ್ರ ಉಳಿಯಿತು.

ಈಗಿನ ಸಿಲಿಂಡರ್ ನಾಲ್ಕು ತಿಂಗಳು ದಾಟಿದೆ. ಡಿಟೆಕ್ಟರಿನ ಕೊಟೇಶನ್ ಮತ್ತೆ ಮಾಲೀಕರ ಮೇಜಿನ ಮೇಲಿಟ್ಟಿದ್ದೇನೆ, ಈ ಸಲ ಬೆಂಕಿ ಹಿಡಿಯುವ ಹೈಡ್ರೋಜನ್ ಪೈಪಿನ ಸುರಕ್ಷತೆಯ ಹೆಸರಿನಲ್ಲಿ.