ಫಾದರ್ ಮೇಷ್ಟ್ರ ನೆನಪಿಗೆ: ಪೂಜೆ, ಸಭೆ, ಪುಸ್ತಕ

ತತ್ವಶಾಸ್ತ್ರ ಹೇಳಿಕೊಟ್ಟ ಫಾದರ್ ತೀರಿಕೊಂಡಾಗ ಹಳೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಪೂಜೆಯನ್ನೂ ಭಾಷಣಗಳನ್ನೂ ಒಂದೇ ಗಂಟೆಗೆ ತುರುಕುತ್ತಾರೆ. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ (ಚರ್ಚಿನ ಮಾಸ್) ಪ್ರಬೋಧನೆ, ಅಂದರೆ ಪಾದ್ರಿಯ ಉಪದೇಶ, ಗುಣಗಾನವಾಗಕೂಡದು ಎಂಬುದು ಪೂಜಾವಿಧಿಯ ನಿಯಮ. ಪರಮಪ್ರಸಾದದ (ಕಮ್ಯೂನಿಯನ್) ನಂತರದ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಮೂರು ನಿಮಿಷ ಮಾತಾಡಬಹುದು, ಅದೂ ಬರೆದುಕೊಂಡು. ಮಿಕ್ಕವರದ್ದೆಲ್ಲ ಸಭಾಂಗಣದಲ್ಲಿ.

ಆಮೇಲಿನ ನೆನಪಿನ ಪೂಜೆಗೆ ದಿನ ಗೊತ್ತುಮಾಡುವಾಗ ಬೆಂಗಳೂರಿನಿಂದ ಬರುವವರು ಭಾನುವಾರ ಕೇಳುತ್ತಾರೆ. ಭಾನುವಾರದ ಪೂಜೆಯಲ್ಲಿ ಫಾದರ್ ಹೆಸರು ಹೇಳಿ ಪ್ರಾರ್ಥಿಸಬಹುದು, ಆದರೆ ಬೈಬಲ್ ವಾಚನಗಳು ಭಾನುವಾರದವೇ. ಮೃತರ ಪೂಜೆಯೇ ಬೇಕಿದ್ದರೆ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಸಂಜೆಯಾದರೆ ಅದು ಭಾನುವಾರದ ಲೆಕ್ಕಕ್ಕೆ ಹೋಗುತ್ತದೆ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಈಸ್ಟರಿಗೆ ಮುಂಚಿನ ಪವಿತ್ರ ವಾರ ಬೇಡ. ತೀರಿಕೊಂಡ ವರ್ಷದ ದಿನ ಜುಲೈ ಮಳೆಗೋ ಜನವರಿಯ ಕಾಫಿ ಕೊಯ್ಲಿಗೋ ಸಿಕ್ಕಿಕೊಂಡರೆ ಪೂಜೆ ಆವತ್ತೇ ಆಗಲಿ, ಸಭೆಯನ್ನು ಮುಂದಕ್ಕೆ ಹಾಕಿ. ಬರುವವರಲ್ಲಿ ಅರ್ಧ ಜನ ಕ್ರೈಸ್ತರಲ್ಲದಿರಬಹುದು. ಪರಮಪ್ರಸಾದದ ಸಾಲಿಗೆ ಯಾರು ಬರಬೇಕು, ಯಾರು ಕೂತೇ ಇರಬಹುದು ಎಂದು ಪೂಜೆಗೆ ಮೊದಲೇ ಹೇಳಿಬಿಟ್ಟರೆ ಯಾರಿಗೂ ಮುಜುಗರವಿಲ್ಲ.

ಜೀವನಚರಿತ್ರೆಯ ತಾರೀಖುಗಳನ್ನು ಬಾಯಿಮಾತಿನಿಂದ ಎತ್ತಬೇಡಿ. ಶಾಲೆಯ ದಾಖಲೆಯ ಹುಟ್ಟಿದ ದಿನ ಎಷ್ಟೋ ಸಲ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಜ್ಞಾನಸ್ನಾನದ ರಿಜಿಸ್ಟರ್ ನೋಡಿ. ಗುರುದೀಕ್ಷೆಯನ್ನೂ (ಪಾದ್ರಿಯಾದದ್ದನ್ನೂ) ಅದೇ ನಮೂದಿನ ಪಕ್ಕದಲ್ಲಿ ಬರೆಯುವ ನಿಯಮವಿದೆ. ಹಾಸನ, ಚಿಕ್ಕಮಗಳೂರು 1963ರವರೆಗೆ ಮೈಸೂರು ಧರ್ಮಪ್ರಾಂತ್ಯದಲ್ಲಿ, ಅಂದರೆ ಅಲ್ಲಿನ ಧರ್ಮಾಧ್ಯಕ್ಷರ (ಬಿಷಪ್ಪರ) ಆಡಳಿತದಲ್ಲಿ, ಇದ್ದವು. ಹಾಗಾಗಿ ಅದಕ್ಕೂ ಹಿಂದೆ ದೀಕ್ಷೆ ಪಡೆದ ಆ ಕಡೆಯವರ ಕಾಗದಪತ್ರ ಮೈಸೂರಿನಲ್ಲೂ ಇರಬಹುದು.

ನಿಜವಾದ ಆಸ್ತಿ ಇರುವುದು ವಿದ್ಯಾರ್ಥಿಗಳ ನೋಟ್ಸಿನಲ್ಲಿ. ಒಂದೇ ಬ್ಯಾಚಿನ ಎರಡು ನೋಟ್‌ಬುಕ್ಕಾದರೂ ಸಿಗಬೇಕು, ಅಕ್ಕಪಕ್ಕ ಇಟ್ಟು ಓದಬೇಕು. ಕಾಂಟ್ ಪಾಠಕ್ಕೆ ಬಣ್ಣದ ಕನ್ನಡಕದ ಉದಾಹರಣೆ ಇದ್ದರೆ ಅದು ಎಲ್ಲರೂ ಹೇಳುವಂಥದ್ದು. ಅರಿಸ್ಟಾಟಲನ ಸಾಧ್ಯತೆ, ವಾಸ್ತವಗಳನ್ನು ಕಾಫಿ ಬೀಜ, ಗಿಡಗಳಲ್ಲಿ ವಿವರಿಸಿದ್ದು ಎರಡೂ ಪುಸ್ತಕದಲ್ಲಿ ಕಂಡರೆ ಅದು ಬಹುಪಾಲು ಅವರದ್ದೇ. ಅಚ್ಚಿಗೆ ಹೋಗಬೇಕಾದ್ದು ಅದು. ಸಂಕ್ಷೇಪಗಳ ಮೇಲೆ ಕಣ್ಣಿರಲಿ. ‘ಎಸ್‌ಟಿ 1, 2, 3’ ಎಂದರೆ ಮಧ್ಯಯುಗದ ಕ್ರೈಸ್ತ ಚಿಂತಕ ಅಕ್ವಿನಾಸನ ಗ್ರಂಥ ಸುಮ್ಮಾ ಥಿಯೊಲಾಜಿಯೆಯ 1ನೇ ಭಾಗ, 2ನೇ ಪ್ರಶ್ನೆ, 3ನೇ ಪರಿಚ್ಛೇದ. ದೇವರಿದ್ದಾನೆ ಎನ್ನುವುದಕ್ಕೆ ಕೊಟ್ಟ ಐದು ದಾರಿಗಳು ಅಲ್ಲಿವೆ. ಗೊತ್ತಿಲ್ಲದ ಟೈಪಿಸ್ಟು ಅದನ್ನು ಪುಟಸಂಖ್ಯೆ ಮಾಡಿಬಿಡುತ್ತಾನೆ.

ನೆನಪು ಬರೆದುಕೊಡಿ ಎಂದು ಸುಮ್ಮನೆ ಕೇಳಿದರೆ ‘ಸರಳ ಸಜ್ಜನರು’ ಎಂಬ ಸಾಲೇ ಇಪ್ಪತ್ತು ಸಲ ಬರುತ್ತದೆ. ‘ಅವರು ನಿಮಗೆ ಕೇಳಿದ, ಇವತ್ತಿಗೂ ಉತ್ತರ ಸಿಗದ ಪ್ರಶ್ನೆ ಯಾವುದು?’ ಎಂದು ಕೇಳಿ, 150 ಪದದ ಮಿತಿ ಹಾಕಿ.

ಅನುಮತಿಯ ವಿಷಯದಲ್ಲಿ ಸಲುಗೆ ಬೇಡ. ಬರಹಗಳ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಜೆಸ್ವಿಟರಂಥ ಸನ್ಯಾಸಿ ಸಂಘಕ್ಕೆ ಸೇರಿದ ಫಾದರ್ ಆಗಿದ್ದರೆ ಸಂಘದ ಮುಖ್ಯಸ್ಥರನ್ನೂ, ಧರ್ಮಪ್ರಾಂತ್ಯದವರಾಗಿದ್ದರೆ ಉಯಿಲು ನೋಡಿ ವಾರಸುದಾರರನ್ನೂ ಕೇಳಬೇಕು. ಯಾರೋ ಸಂಕಟ ತೋಡಿಕೊಂಡು ಅವರಿಗೆ ಬರೆದ ಪತ್ರ ಸಿಕ್ಕಿದರೆ, ಬರೆದವರು ಒಪ್ಪದೆ ಅಚ್ಚು ಮಾಡಲೇಬೇಡಿ.

ಪಾಠದ ಹಳೆ ಕ್ಯಾಸೆಟ್ಟುಗಳಿಗೆ ಮಲೆನಾಡಿನ ತೇವದಲ್ಲಿ ಬೂಸ್ಟು ಬಂದಿರುತ್ತದೆ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಬೇಡಿ. ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಚೆನ್ನಾಗಿರುವವನ್ನು ಮೊದಲು ವೇವ್ ಫೈಲಿಗೆ ಇಳಿಸಿ, ಎಂಪಿ3 ಆಮೇಲೆ. ಫೋಟೋ 300 ಡಿಪಿಐಗೆ ಕಡಿಮೆ ಬೇಡ.

ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. 48 ಪುಟ ಹಿತ. ‘ನುಡಿ’ ತಂತ್ರಾಂಶದ ಹಳೆ ಅಕ್ಷರದಿಂದ ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದಲಿ. ಕಾಲೇಜು ಗ್ರಂಥಾಲಯ, ಧರ್ಮಾಧ್ಯಕ್ಷರ ಕಚೇರಿ, ಹುಟ್ಟೂರಿನ ಧರ್ಮಕೇಂದ್ರಗಳಿಗೆ ಎರಡೆರಡು ಪ್ರತಿ ತೆಗೆದಿಟ್ಟ ಮೇಲೆಯೇ ಹಂಚಲು ಶುರುಮಾಡಿ.