ಹೊಲ ಕಾಯಲು ಬಂದೂಕು: ಯಾವ ಬೋರ್, ಯಾವ ತೋಟಾ?

ಕಡಲೆಕಾಯಿ ಬಲಿಯುವ ಹೊತ್ತಿಗೆ ಮಧುಗಿರಿ, ಪಾವಗಡ, ಶಿರಾ ಕಡೆಯ ರೈತರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಕಾಡುಹಂದಿ ಹಿಂಡು ಒಂದು ಸಲ ಇಳಿದರೆ ಸಾಕು, ಬೆಳಗಾಗುವಷ್ಟರಲ್ಲಿ ಹೊಲವೆಲ್ಲ ನೇಗಿಲು ಹೊಡೆದಂತೆ ಮಗುಚಿಬಿದ್ದಿರುತ್ತದೆ. ಆ ಹೊಟ್ಟೆಯುರಿಯಲ್ಲಿ ‘ಒಂದು ದೊಡ್ಡ ರೈಫಲ್ಲೇ ತಂದುಬಿಡೋಣ’ ಎನ್ನುವವರನ್ನು ಬಹಳ ಕಂಡಿದ್ದೇನೆ. ಅವರಿಗೆ ನಾನು ಕೇಳುವುದು ಒಂದೇ: ಹಂದಿಯ ಹಿಂದೆ ಏನಿದೆ? ಬೋರ್ (ನಳಿಗೆಯ ತೂತಿನ ಅಳತೆ), ತೋಟಾ, ಕೂರುವ ಜಾಗ ಮೂರೂ ಆ ಉತ್ತರದ ಮೇಲೆ ನಿಂತಿವೆ.

ಮೊದಲು ಕಾಗದಪತ್ರ

ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಗೀರುಗಳಿಲ್ಲದ ನಯ ನಳಿಗೆಯ ಬಂದೂಕಿಗೆ ಪರವಾನಗಿ ಕೊಡಬಹುದು. ನಳಿಗೆ 20 ಇಂಚಿಗಿಂತ ಗಿಡ್ಡ ಇರಬಾರದು. ಹೀಗಾಗಿ ಹೊಲ ಕಾಯುವ ಹೆಸರಿನಲ್ಲಿ, ನಳಿಗೆಯೊಳಗೆ ಗೀರುಗಳಿರುವ ರೈಫಲ್ ಕೇಳುವುದೇ ದಾರಿ ತಪ್ಪಿದ ಅರ್ಜಿ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ತಾತನಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ.

ಪರವಾನಗಿ ಸಿಕ್ಕಿತೆಂದರೆ ಹಂದಿ ಹೊಡೆಯಲು ಅನುಮತಿ ಸಿಕ್ಕಿತೆಂದು ತಿಳಿಯಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯವೆಂದು ಕಂಡರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬೇಕು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮನೆಗೆ ಒಯ್ಯುವಂತಿಲ್ಲ. ನಮ್ಮ ಕಡೆಯ ಕರಡಿ ಮತ್ತು ಚಿರತೆ, ಮೈದನಹಳ್ಳಿಯ ಕೃಷ್ಣಮೃಗ, ಬಂಗಾರಪೇಟೆ ಗಡಿಯ ಆನೆ, ಇವೆಲ್ಲ ಮೊದಲನೇ ಅನುಸೂಚಿಯವು. ಹಂದಿಯ ಆದೇಶ ಅವುಗಳಿಗೆ ಅನ್ವಯಿಸುವುದಿಲ್ಲ.

ಬೋರ್ ಎಂದರೆ ಏನು?

ರೈಫಲ್‌ನ ಹೆಸರಲ್ಲಿರುವ ಅಂಕಿ ನಳಿಗೆಯ ಅಳತೆ, ಇಂಚಿನ ಲೆಕ್ಕದಲ್ಲಿ. ನಮ್ಮ ಸರ್ಕಾರಿ ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳ .315 ರೈಫಲ್ ಎಂದರೆ 8 ಮಿ.ಮೀ. .30-06ರ ಕೊನೆಯ ‘06’ ಅದು ಬಂದ 1906ನೇ ಇಸವಿ. ದೊಡ್ಡ ಕ್ಯಾಲಿಬರ್ (ದೊಡ್ಡ ಅಳತೆಯ ನಳಿಗೆ) ಎಂದಾಗ ಹಳೇ ಶಿಕಾರಿ ಮನೆತನಗಳವರು ನೆನೆಯುವುದು 1912ರ .375 ಮ್ಯಾಗ್ನಮ್; ಸುಮಾರು 19 ಗ್ರಾಂ ಗುಂಡು, ಆಫ್ರಿಕಾದ ಕಾಡುಕೋಣದಂಥ ಪ್ರಾಣಿಗಳಿಗೆ ಬಳಸಿದ್ದು.

ಬಂದೂಕಿನ ‘12 ಬೋರ್’ ಲೆಕ್ಕ ಬೇರೆ. ಒಂದು ಪೌಂಡ್ ಸೀಸದಲ್ಲಿ 12 ಉಂಡೆ ಮಾಡಿದರೆ ಒಂದು ಉಂಡೆ ಹಿಡಿಸುವ ನಳಿಗೆ ಅದು, ಸುಮಾರು 18.5 ಮಿ.ಮೀ. ತೂತಿನ ಅಗಲದಲ್ಲಿ ಅದರ ಮುಂದೆ .375 ಅರ್ಧ ಮಾತ್ರ. ಆದರೆ ರೈಫಲ್ ಗುಂಡು ಗುರಿ ತಪ್ಪಿದರೆ 3 ಕಿ.ಮೀ.ಗೂ ದೂರ ಹೋಗಬಲ್ಲದು. ಮಧುಗಿರಿ ಸೀಮೆಯಲ್ಲಿ ಅಷ್ಟರೊಳಗೆ ಎರಡು ಊರು, ಒಂದು ರಸ್ತೆ, ಹತ್ತು ಬಂಡೆ ಸಿಗುತ್ತವೆ. ಬಂಡೆಗೆ ಬಡಿದ ಗುಂಡು ಯಾವ ಕಡೆ ಚಿಮ್ಮುತ್ತದೋ ಹೇಳಲಾಗದು. 12 ಬೋರ್‌ನ ಚರೆಗಳು (ತೋಟಾದೊಳಗೆ ತುಂಬಿದ ಕಾಳುಗಳು) 30-40 ಮೀಟರ್ ಆಚೆ ಚದುರಿ ಕೆಲಸಕ್ಕೆ ಬಾರವು. ಹಾಗೆಂದು ಮೈಮರೆಯುವಂತಿಲ್ಲ, ದಪ್ಪ ಚರೆ 600-700 ಮೀಟರ್‌ವರೆಗೂ ಹಾರಬಹುದು. ಹೊಲಕ್ಕೆ ನನ್ನ ಆಯ್ಕೆ ಒಂಟಿನಳಿಗೆಯ 12 ಬೋರ್. ಎರಡನೇ ಈಡು ಕೈಯಲ್ಲಿಲ್ಲದವನು ಮೊದಲನೆಯದನ್ನು ನೋಡಿಯೇ ಹೊಡೆಯುತ್ತಾನೆ.

ಹಳೇ ಬಂದೂಕು ಕೊಳ್ಳುವುದಾದರೆ ಅದು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿ. ತುಕ್ಕಿನ ಗುಳಿ, ಉಬ್ಬು, ತಗ್ಗು ಇದ್ದರೆ ಬೇಡ. ತೋಟಾ ತುಂಬಲು ಬಂದೂಕು ಬಾಗಿ ತೆರೆಯುವ ಕೀಲು, ಮುಚ್ಚಿದಾಗ ಅಲುಗಾಡಬಾರದು, ಹಿಡಿಯ ಮರ ಸೀಳಿರಬಾರದು.

ತೋಟಾ ಆರಿಸುವುದು

ಜನ ಹೆಚ್ಚಾಗಿ ಎಡವುವುದು ಇಲ್ಲೇ. 12 ಬೋರ್ ಎಂದು ಕೇಳಿ ತಂದ ತೋಟಾ ಎಲ್ಲ 12 ಬೋರ್‌ಗೂ ಹೊಂದುವುದಿಲ್ಲ. ಹಳೇ ಬಂದೂಕುಗಳಲ್ಲಿ ಹಲವಕ್ಕೆ ತೋಟಾ ಕೂರುವ ಮನೆ 65 ಮಿ.ಮೀ., ಹೊಸವಕ್ಕೆ 70. ಒಮ್ಮೆ ಮೇಜಿನ ಮೇಲೆ 70ರ ಹೊಸ ತೋಟಾವನ್ನೂ ಹಾರಿಸಿದ ಖಾಲಿ ತೋಟಾವನ್ನೂ ಪಕ್ಕಪಕ್ಕ ನಿಲ್ಲಿಸಿ ಸ್ಕೇಲ್ ಹಿಡಿದೆ. ಹೊಸದು 60ರ ಹತ್ತಿರ; ಅದರ ಬಾಯಿ ಹೂವಿನ ಮೊಗ್ಗಿನಂತೆ ಒಳಕ್ಕೆ ಮಡಚಿದೆ. ಹಾರಿಸಿದ್ದು ಪೂರ್ತಿ ಅರಳಿ 70ಕ್ಕೆ ನಿಂತಿತ್ತು. ಅಂದರೆ 65ರ ಮನೆಯೊಳಗೆ ಅದು ಸಲೀಸಾಗಿ ಕೂರುತ್ತದೆ, ಕೀಲೂ ಮುಚ್ಚುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ದಾರಿ ಬಿಗಿಯಾಗಿ ಒತ್ತಡ ಏರುತ್ತದೆ. ಹಳೇ ನಳಿಗೆ ಸೀಳಿದರೆ ಅದು ನಿಮ್ಮ ಎಡಗೈ ಇರುವ ಜಾಗ. ಆದ್ದರಿಂದ ನಳಿಗೆಯ ಕೆಳಗಿನ ಅಚ್ಚು ಓದಿ. ಓದಲಾಗದಿದ್ದರೆ ಪರವಾನಗಿ ಇರುವ ಬಂದೂಕು ರಿಪೇರಿಯವರಿಂದ ಅಳತೆ ಮಾಡಿಸಿ, ಆಮೇಲೆ ತೋಟಾ ಕೊಳ್ಳಿ.

ಚರೆಯ ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣ. 4, 6 ನಂಬರ್ ಹಂದಿಗೆ ತಾಗಿದರೆ ಗಾಯ ಮಾತ್ರ. ಗಾಯಗೊಂಡ ಹಂದಿ ನರಳುತ್ತ ಪೊದೆ ಸೇರುತ್ತದೆ, ಬೆಳಿಗ್ಗೆ ಕಳೆ ತೆಗೆಯಲು ಬಂದವರ ಮೇಲೆ ಎರಗುತ್ತದೆ. ಲಿಖಿತ ಆದೇಶ ಇದ್ದಾಗ ಹತ್ತಿರದ ಈಡಿಗೆ ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯೇ ಸರಿ. ತುದಿ ಬಿಗಿಯಾದ, ಫುಲ್ ಚೋಕ್ ನಳಿಗೆಯಲ್ಲಿ ಒಂಟಿ ಗುಂಡಿನ ತೋಟಾ ಹಾಕಬೇಡಿ. ಹಸಿರುಗಟ್ಟಿದ, ಊದಿದ ತೋಟಾಗಳನ್ನು ಬಿಸಿಲಿಗೆ ಒಣಗಿಸಿ ಬಳಸುವುದಂತೂ ಬೇಡವೇ ಬೇಡ.

ತಾತನ ರೈಫಲ್ ಕಾನೂನುಬದ್ಧವಾಗಿ ಉಳಿದಿರುವ ಮನೆಯವರಿಗೆ ಒಂದು ಮಾತು. .375 ಮ್ಯಾಗ್ನಮ್ ಹೆಸರಲ್ಲೇ ಎರಡು ಬಗೆ ತೋಟಾ ಇವೆ: ಬುಡದಲ್ಲಿ ಪಟ್ಟಿ ಇರುವುದು ಒಂದು, ಅಂಚು ಹೊರಚಾಚಿರುವುದು ಇನ್ನೊಂದು. ಒಂದರ ತೋಟಾ ಇನ್ನೊಂದರ ರೈಫಲ್‌ಗೆ ಆಗದು. ನಳಿಗೆಯ ಮೇಲಿನ ಪೂರ್ತಿ ಹೆಸರೂ ತೋಟಾ ಬುಡದ ಅಚ್ಚೂ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಮೆತ್ತನೆ ಮೂತಿಯ ಗುಂಡು ಒಳಗೆ ಅರಳಿ ನಿಲ್ಲುತ್ತದೆ; ಗಟ್ಟಿ ಗುಂಡು ಆರಪಾರ ಹೋಗಿ ಹಿಂದಿದ್ದವರನ್ನೂ ಹುಡುಕುತ್ತದೆ.

ಕೂರುವ ಜಾಗ

ಹಗಲಲ್ಲೇ ಹೋಗಿ ನಿಂತು ನೋಡಿ. ಗುಡಿಸಲು, ಪಂಪ್‌ಸೆಟ್, ಕಾಲುದಾರಿ, ಬಂಡೆ ಯಾವ ದಿಕ್ಕಿನಲ್ಲಿವೆಯೋ ಆ ದಿಕ್ಕಿನ ಎರಡೂ ಕೊನೆಗೆ ಸುಣ್ಣ ಬಳಿದ ಗೂಟ ಹೊಡೆಯಿರಿ. ಟಾರ್ಚ್ ಬೆಳಕಿಗೆ ಅವು ಬೆಳ್ಳಗೆ ಕಾಣುತ್ತವೆ. ಗೂಟಗಳ ನಡುವಿನ ದಿಕ್ಕಿಗೆ ನಳಿಗೆ ತಿರುಗಲೇಬಾರದು. ಏಳೆಂಟು ಅಡಿ ಎತ್ತರದ ಅಟ್ಟಣೆ ಕಟ್ಟಿ ಅಲ್ಲಿಂದಲೇ ಕಾಯಿರಿ, ಹತ್ತಿರ ಬಂದಾಗ ಮಾತ್ರ ಹೊಡೆಯಿರಿ. ಗುಂಡು ಕೆಳಮುಖವಾಗಿ ಹೋಗಿ ಉತ್ತ ಮಣ್ಣಿನಲ್ಲೇ ಹೂತುಕೊಳ್ಳುತ್ತದೆ. ಅಟ್ಟಣೆ ಹತ್ತುವಾಗ, ಇಳಿಯುವಾಗ ತೋಟಾ ಜೇಬಿನಲ್ಲಿರಲಿ, ಬಂದೂಕಿನ ಕೀಲು ತೆರೆದಿರಲಿ.