ಡೊಂಬಿವಿಲಿಯಲ್ಲಿ ಚೆನ್ನೆಮಣೆ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರು ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವವಳು. ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಶನಿವಾರ ಸಂಜೆ ಆಟ ಆಡಿಸುತ್ತೇನೆ. ಬರುವವರು ಹೆಚ್ಚಾಗಿ ಉಡುಪಿ, ಕುಂದಾಪುರ ಕಡೆಯವರು. ಸ್ಟ್ರೋಕ್ ಆದ ಹಿರಿಯರಿದ್ದಾರೆ, ಕಣ್ಣು ಕಾಣದ ಹುಡುಗಿ ಇದ್ದಾಳೆ, ಡೌನ್ ಸಿಂಡ್ರೋಮ್ ಇರುವ ಹುಡುಗ ಇದ್ದಾನೆ.

ಶುರುವಿನಲ್ಲಿ ಬಣ್ಣದ ಕೋನ್, ತೂತುಗಳಿಗೆ ಕಡ್ಡಿ ಸಿಕ್ಕಿಸುವ ಪೆಗ್ ಬೋರ್ಡ್ ತಂದಿಟ್ಟೆ. ಹಿಂದೆ ಹೋಟೆಲ್ ನಡೆಸಿದ್ದ ಅಜ್ಜರೊಬ್ಬರು ಅದನ್ನು ಪಕ್ಕಕ್ಕೆ ಸರಿಸಿ, "ಇದು ಸಣ್ಣ ಮಕ್ಕಳ ಸಾಮಾನು ಮಾರಾಯ್ತಿ" ಅಂದರು. ಅವರು ಹೇಳಿದ್ದು ಸರಿ. ಊರಲ್ಲಿ ಏನು ಆಡುತ್ತಿದ್ದಿರಿ ಅಂತ ನಾನು ಕೇಳಿಯೇ ಇರಲಿಲ್ಲ. ಕೇಳಿದ್ದಕ್ಕೆ, "ಆಟಿ ತಿಂಗಳಲ್ಲಿ ಚೆನ್ನೆಮಣೆ" ಅಂದರು. ಆಟಿ ಅಂದರೆ ತುಳುನಾಡಿನ ಮಳೆಗಾಲದ ತಿಂಗಳು. ಚೆನ್ನೆ ಅಂದರೆ ಮರದ ಮಣೆಯ ಗುಳಿಗಳಿಗೆ ಸಾಲಾಗಿ ಒಂದೊಂದೇ ಕಾಯಿ (ಬೀಜ) ಹಾಕುತ್ತಾ ಇಬ್ಬರು ಆಡುವ ಆಟ.

ಮುಂದಿನ ವಾರ ಮಣೆ ಬಂತು. 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಕೆಳಗೆ ಒದ್ದೆ ಟವೆಲ್ ಹಾಸಿದೆ, ಒಂದೇ ಕೈಯಲ್ಲಿ ಆಡಿದರೂ ಮಣೆ ಜಾರುವುದಿಲ್ಲ. ಬೆರಳಲ್ಲಿ ಹಿಡಿತ ಕಡಿಮೆ ಇರುವವರಿಗೆ ದಪ್ಪ ಬೀಜವಾದ ಗಜ್ಜುಗ ಕೊಟ್ಟೆ. ಆ ಹುಡುಗನಿಗೆ ಮೊದಲು ಈಚೆ ಎರಡು, ಆಚೆ ಎರಡು ಗುಳಿ ಸಾಕಾಯಿತು, ಉಳಿದದ್ದಕ್ಕೆ ಬಟ್ಟೆ ಮುಚ್ಚಿದೆ. ಗುಲಗಂಜಿ ಮಾತ್ರ ಬೇಡವೇ ಬೇಡ, ಅದು ವಿಷ. ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವವರಿದ್ದರೆ ಯಾವ ಸಣ್ಣ ಬೀಜವೂ ಬೇಡ.

ಅಜ್ಜರಿಗೆ ಸ್ಟ್ರೋಕ್‌ನಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ಇಂಥವರಲ್ಲಿ ಕೆಲವರಿಗೆ ಕಣ್ಣು ಸರಿ ಇದ್ದರೂ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ಇವರ ತಟ್ಟೆಯಲ್ಲೂ ಎಡಗಡೆಯ ಅನ್ನ ಹಾಗೇ ಉಳಿಯುತ್ತಿತ್ತು. ಚೆನ್ನೆಯಲ್ಲಿ ಒಂದು ಗುಳಿಯನ್ನೂ ಬಿಡುವಂತಿಲ್ಲ, ಅಲ್ವಾ? ಮಣೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಕೆಂಪು ಕಾಣುವ ತನಕ ನೋಡಿ ಅಂದೆ. ಎದುರಿಗೆ ಕಣ್ಣು ಕಾಣದ ಆ ಹುಡುಗಿಯನ್ನು ಕೂರಿಸಿದೆ. ಗುಳಿಗಳನ್ನು ಬೆರಳಲ್ಲೇ ಮುಟ್ಟಿ ಎಣಿಸುತ್ತಾಳೆ, ಕಾಯಿ ಬೀಳುವ ಸದ್ದಿಗೆ ಕಿವಿ ಕೊಡುತ್ತಾಳೆ. ಒಂದು ದಿನ ಥಟ್ಟನೆ, "ಅಜ್ಜ, ಮೂಲೆ ಗುಳಿ ಬಿಟ್ರಿ" ಅಂದಳು. ಅಜ್ಜ ತಲೆ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದರು. "ಹೌದಲ್ಲಾ!" ನಾನು ಹತ್ತು ಸಲ ಹೇಳಿದ್ದರೂ ಹಾಗೆ ತಿರುಗಿರಲಿಲ್ಲ. ಗೆಲ್ಲಬೇಕೆಂಬ ಆಸೆ ತಿರುಗಿಸಿತು.

ಮನೆಯಲ್ಲಿ ಫಿಜಿಯೋಥೆರಪಿಯೂ ನಡೆದಿತ್ತು, ಎಲ್ಲ ಆಟದಿಂದಲೇ ಆಯಿತು ಅನ್ನಲಾರೆ. ಚೌತಿಯ ಮರುದಿನ ಅವರ ಹೆಂಡತಿ ಫೋನ್ ಮಾಡಿದರು. ಬಾಳೆ ಎಲೆಯ ಎಡತುದಿಗೆ ಬಡಿಸಿದ್ದ ಉಪ್ಪಿನಕಾಯಿಯನ್ನು, ಯಾರೂ ತೋರಿಸದೆ, ಅಜ್ಜರೇ ಹುಡುಕಿ ತಿಂದರಂತೆ.